ಚಾರ್ಜರಿನ ಸಂದಿಗೆ ಜರಿ

ಬ್ಯಾಟರಿ ಚಾರ್ಜರ್ ಕೊಳ್ಳಲು ಬಂದವರಿಗೆ ಮೊದಲೇ ಚಾರ್ಜರ್ ತೋರಿಸಬೇಡಿ. ಮನೆಯಲ್ಲಿ ಯಾವ ಯಾವ ಬ್ಯಾಟರಿ ಇವೆ ಎಂದು ಕೇಳಿ. ಸೇಲಂನ ಒಂದು ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತು ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. ಕಲಿಸಿದವರು ನಮ್ಮ ಯಜಮಾನರಾದ ಮುರುಗೇಶನ್. ಅವರು ಇನ್ನೊಂದು ಉಪಾಯವನ್ನೂ ಕಲಿಸಿದರು. ಅದನ್ನು ನಾನು ಅರ್ಧ ಮಾತ್ರ ಹೇಳಿದ್ದರಿಂದ ಚೌಡಮ್ಮ ಎಂಬ ನೇಕಾರ ಹೆಂಗಸಿನ ಕಾಲು ಸುಟ್ಟಿತು, ನಲವತ್ತು ವರ್ಷ ಅವರು ಕುಳಿತ ಮಗ್ಗವೂ ಅವರ ಕೈಬಿಟ್ಟು ಹೋಗುವುದರಲ್ಲಿತ್ತು. ಈಗ ಕೌಂಟರಿನ ಕೆಲಸಕ್ಕೆ ಸೇರುತ್ತಿರುವ ನಿಮಗೆ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಕುಳಿತಿದ್ದೇನೆ.

ನಮ್ಮದು ಮೇಚೇರಿ ಕಡೆಯ ಒಕ್ಕಲು ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಭೌತಶಾಸ್ತ್ರ. ಕನ್ನಡದ ಓದು ಬರಹ ಆಮೇಲೆ ನಾನಾಗಿಯೇ ಕಲಿತದ್ದು. ಡಿಗ್ರಿ ಮುಗಿಸಿ ಅಂಗಡಿಗೆ ಸೇರಿದಾಗ, ಓಮನ ನಿಯಮ ತಿಳಿದವನಿಗೆ ಚಾರ್ಜರ್ ಮಾರುವುದು ಏನು ಮಹಾ ಎಂದುಕೊಂಡಿದ್ದೆ.

ಮೊದಲ ವರ್ಷವೇ ಕಡಯಂಪಟ್ಟಿಯಿಂದ ಒಬ್ಬ ರೈತರು ಬಂದು, "ಒಂದು ಚಾರ್ಜರ್ ಕೊಡಿ, ಒಳ್ಳೇದು," ಎಂದರು. ನಾನು ಪೆಟ್ಟಿಗೆ ತೆಗೆಯಲು ಕೈಚಾಚಿದೆ. ಮುರುಗೇಶನ್ ಅವರು ನನ್ನ ಕೈ ತಡೆದು, ಮನೆಯಲ್ಲಿ ಟಾರ್ಚ್ ಎಷ್ಟು, ರೇಡಿಯೋ ಇದೆಯೇ, ಗಡಿಯಾರಕ್ಕೆ ಯಾವ ಸೆಲ್ ಹಾಕುತ್ತೀರಿ ಎಂದು ತಮಿಳಿನಲ್ಲಿ ಕೇಳುತ್ತಾ ಹೋದರು. ರೈತರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಏನ್ಲಾ ಇದು, ಚಾರ್ಜರ್ ಕೇಳುದ್ರೆ ನಿಮ್ ಯಜಮಾನ ಮನೆ ಜಾತಕ ಕೇಳ್ತಾನೆ?" ಎಂದರು. ಯಜಮಾನರಿಗೆ ಜಾತಕ ಎಂಬ ಮಾತು ಮಾತ್ರ ಅರ್ಥವಾಯಿತು. "ಆಮಾ ಅಣ್ಣಾ, ಜಾತಗಂ ಪಾಕ್ಕಾಮ ಜೋಡಿ ಸೇಕ್ಕಕೂಡಾದು," ಎಂದು ನಕ್ಕರು. ಜಾತಕ ನೋಡದೆ ಜೋಡಿ ಮಾಡಬಾರದಂತೆ.

ಮುಂದಿನ ವಾರ ಆ ರೈತರು ಹಳದಿ ಚೀಲದ ತುಂಬ ಮನೆಯ ಬ್ಯಾಟರಿಗಳನ್ನೆಲ್ಲ ತಂದು ಕೌಂಟರಿನ ಮೇಲೆ ಸುರಿದರು. ಟಾರ್ಚಿನ ದಪ್ಪ ಸೆಲ್ಲುಗಳು, ರೇಡಿಯೋದ ಪೆನ್ಸಿಲ್ ಸೆಲ್ಲುಗಳು, ಅದಕ್ಕಿಂತ ಸಣ್ಣ ರಿಮೋಟ್ ಸೆಲ್ಲುಗಳು, ಭಜನೆ ಮೈಕಿನ ಚೌಕನೆಯ ಬ್ಯಾಟರಿ ಒಂದು. ಅರ್ಧಕ್ಕಿಂತ ಹೆಚ್ಚು ಒಮ್ಮೆ ಬಳಸಿ ಎಸೆಯುವ ಸಾದಾ ಸೆಲ್ಲುಗಳು. ಇವು ಚಾರ್ಜ್ ಆಗುವುದಿಲ್ಲ, ಚಾರ್ಜಿಗೆ ಹಾಕಿದರೆ ಒಡೆಯಬಹುದು ಎಂದೆ.

"ಯಾಕ್ ಆಗಾಕಿಲ್ಲ? ಅದುಕ್ಕೂ ತಲೆ ಮ್ಯಾಲೆ ಮೊಟ್ಟು ಐತೆ, ಇದುಕ್ಕೂ ಐತೆ," ಎಂದರು ಅವರು.

ಅವರ ತರ್ಕ ತಪ್ಪೇನಲ್ಲ. ನೋಡಲು ಎರಡೂ ಒಂದೇ. ಮೈಮೇಲೆ ಬರೆದದ್ದು ಮಾತ್ರ ಬೇರೆ, ಅದೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಅಂದಿನಿಂದ ಗಿರಾಕಿಗಳಿಗೆ ಬ್ಯಾಟರಿಗಳನ್ನೇ ತನ್ನಿ ಎಂದು ಹೇಳತೊಡಗಿದೆ. ಬಾಯಲ್ಲಿ ಹೇಳಿದ ಸೈಜು ಹತ್ತರಲ್ಲಿ ನಾಲ್ಕು ಸಲ ತಪ್ಪಿರುತ್ತದೆ.

ಆಗಿನ ಚಾರ್ಜರಿಗೆ ಬುದ್ಧಿ ಇರಲಿಲ್ಲ. ಕರೆಂಟ್ ಇರುವಷ್ಟು ಹೊತ್ತು ತುಂಬುತ್ತಲೇ ಇರುತ್ತಿತ್ತು, ಸೆಲ್ ತುಂಬಿತೋ ಇಲ್ಲವೋ ಅದಕ್ಕೆ ತಿಳಿಯದು. ಸೆಲ್ಲಿನ ಅಳತೆಯನ್ನು ಚಾರ್ಜರಿನ ಕರೆಂಟಿನಿಂದ ಭಾಗಿಸಿ, ಅದಕ್ಕೆ ಸ್ವಲ್ಪ ಸೇರಿಸಿ, ಎಷ್ಟು ಗಂಟೆ ಇಡಬೇಕೆಂದು ನಾನೇ ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದುಕೊಡುತ್ತಿದ್ದೆ. ಆಮೇಲೆ ಗೊತ್ತುಮಾಡಿದ ಗಂಟೆ ಮುಗಿದೊಡನೆ ತಾನೇ ನಿಲ್ಲುವ ಟೈಮರ್ ಚಾರ್ಜರ್ ಬಂತು. ಈಗ ಬರುವ ಒಳ್ಳೆಯವು ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತವೆ, ತುಂಬಿದ್ದನ್ನು ನಿಲ್ಲಿಸಿ ಖಾಲಿ ಇರುವುದಕ್ಕೆ ಮುಂದುವರಿಸುತ್ತವೆ, ಸಾದಾ ಸೆಲ್ ಹಾಕಿದರೆ ದೀಪ ಮಿನುಗಿಸಿ ಬೇಡವೆನ್ನುತ್ತವೆ. ಸ್ಪ್ರಿಂಗ್ ಇರುವ ಜಾರುವ ಹಲ್ಲಿರುವುದರಿಂದ ಸಣ್ಣದು ದೊಡ್ಡದು ಎರಡೂ ಕೂರುತ್ತವೆ. ಮನೆಗೆ ಅಂಥದ್ದೇ ಆಗಬೇಕು. ಆದರೆ ಹಳೆಯ ಬುದ್ಧಿಯಿಲ್ಲದ ಚಾರ್ಜರುಗಳು ಇವತ್ತಿಗೂ ಅಂಗಡಿಯಲ್ಲಿ ಪಕ್ಕದಲ್ಲೇ ತೂಗುತ್ತಿರುತ್ತವೆ, ಅವುಗಳ ಬಣ್ಣವೂ ಚೆನ್ನಾಗಿರುತ್ತದೆ.

ನನ್ನ ತಪ್ಪುಗಳ ಪೈಕಿ ಸೇಲಂ ಪಕ್ಕದ ಏರ್ಕಾಡು ಬೆಟ್ಟದ್ದು ಮೊದಲನೆಯದು. ಒಂದು ಕಾಫಿ ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು, ಟಾರ್ಚುಗಳಿಗೆ ಚಾರ್ಜ್ ಆಗುವ ದಪ್ಪ ಸೆಲ್ ಕೇಳಿದರು. ಕೊಟ್ಟೆ. ಕೈಯಲ್ಲಿ ಹಿಡಿದಾಗ ಹಗುರವೆನಿಸಿತ್ತು, ಆದರೂ ಕೊಟ್ಟೆ. ಹದಿನೈದು ದಿನದ ಮೇಲೆ ಅವರು ಘಾಟಿ ಬಸ್ಸಿನಲ್ಲಿ ಇಳಿದುಬಂದು ಒಂದು ಸೆಲ್ಲನ್ನು ಗರಗಸದಿಂದ ಸೀಳಿ ನನ್ನ ಮುಂದಿಟ್ಟರು. ದಪ್ಪ ಚಿಪ್ಪಿನೊಳಗೆ ಒಂದು ಸಣ್ಣ ಪೆನ್ಸಿಲ್ ಸೆಲ್, ಸುತ್ತ ಟೊಳ್ಳು. ಮೆಣಸು ಬಿಡಿಸಿ ಇಳಿಜಾರಿನಲ್ಲಿ ಇಳಿಯುತ್ತಿದ್ದ ಹೆಂಗಸರ ಟಾರ್ಚುಗಳು ದಾರಿಯ ಮಧ್ಯೆ ಒಂದರ ಹಿಂದೆ ಒಂದು ಆರಿಹೋಗಿದ್ದವಂತೆ. ಒಬ್ಬರ ಕೈ ಒಬ್ಬರು ಹಿಡಿದು ಆಳುಗಳ ಲೈನ್ ಮನೆ ಸೇರಿದರಂತೆ.

"ಯಾರೂ ಬೀಳಲಿಲ್ಲ," ಎಂದಷ್ಟೇ ಹೇಳಿ ಅವರು ಬೇರೆ ಸೆಲ್ ತೆಗೆದುಕೊಂಡು ಹೋದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಯಾರೂ ಬೀಳಲಿಲ್ಲ ಎಂಬ ಮಾತನ್ನು ನಾನು ನನಗೆ ಕೊಟ್ಟ ಕ್ಷಮೆ ಎಂದುಕೊಂಡೆ. ಅನಾಹುತವಾಗದ ತಪ್ಪು ಮನುಷ್ಯನಿಗೆ ಏನನ್ನೂ ಕಲಿಸುವುದಿಲ್ಲ.

ಇನ್ನು ಆ ಉಪಾಯ. ಪೆನ್ಸಿಲ್ ಸೆಲ್ಲಿಗೆ ಮಾತ್ರ ಜಾಗವಿರುವ ಚಾರ್ಜರಿನಲ್ಲಿ ಸಣ್ಣ ರಿಮೋಟ್ ಸೆಲ್ ಇಟ್ಟರೆ ಉಗುರಿನಗಲ ಸಂದಿ ಉಳಿಯುತ್ತದೆ. ಮುರುಗೇಶನ್ ಅವರು ಮಿಠಾಯಿ ಸುತ್ತಿದ ಬೆಳ್ಳಿ ಕಾಗದವನ್ನು ಗಟ್ಟಿಯಾಗಿ ಮಡಿಸಿ ಆ ಸಂದಿಗೆ ತುಂಬಿ ತೋರಿಸಿದ್ದರು. "ಚಪ್ಪಟೆ ಕಡೆ ಇಡು. ಮೊಟ್ಟಿನ ಕಡೆ ಬೇಡ. ಒಂದು ಗಂಟೆ ಆದೊಡನೆ ತೆಗೆದುಬಿಡು," ಎಂದಿದ್ದರು. ಕಾರಣ ನನಗೆ ಗೊತ್ತಿತ್ತು. ಸೆಲ್ಲಿನ ತಲೆಯ ಮೇಲಿನ ಗುಬ್ಬಿ, ಅಂದರೆ ಮೊಟ್ಟು, ಪ್ಲಸ್, ಉಳಿದ ಮೈಯೆಲ್ಲ ಮೈನಸ್. ಮೊಟ್ಟಿನ ಬುಡದಲ್ಲಿ ಎರಡರ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ, ಕರೆಂಟು ಹರಿಯದ ಒಂದು ಬಳೆ. ಅಲ್ಲಿ ಲೋಹದ ಉಂಡೆ ತುರುಕಿದರೆ ಅದು ಎರಡನ್ನೂ ಮುಟ್ಟುತ್ತದೆ, ಸೆಲ್ಲಿನೊಳಗಿನ ಶಕ್ತಿಯೆಲ್ಲ ಆ ಉಂಡೆಯ ಮೂಲಕ ಒಮ್ಮೆಗೇ ಹರಿಯುತ್ತದೆ. ಅಲ್ಲದೆ ಪೆನ್ಸಿಲ್ ಸೆಲ್ಲಿಗೆಂದು ಚಾರ್ಜರ್ ಕೊಡುವ ಕರೆಂಟು ಸಣ್ಣ ಸೆಲ್ಲಿಗೆ ಹೆಚ್ಚು. ಒಟ್ಟಿನಲ್ಲಿ ಮಾಡಲೇಬಾರದ ಕೆಲಸ ಅದು. ನಾವು ಮಾಡುತ್ತಿದ್ದೆವು, ಹೇಳಿಕೊಡುತ್ತಲೂ ಇದ್ದೆವು.

ಮೊದಮೊದಲು ಆ ಮೂರು ಮಾತನ್ನೂ ಪೂರ್ತಿ ಹೇಳುತ್ತಿದ್ದೆ. ನೂರಾರು ಸಲ ಹೇಳಿದ ಮೇಲೆ ಮಾತು ಸವೆಯಿತು. ಒಂದು ಗಂಟೆ ಎಂಬುದು ಮೊದಲು ಬಿದ್ದುಹೋಯಿತು. ಚಪ್ಪಟೆ ಕಡೆ ಎಂಬುದು ಯಾವಾಗ ಬಿದ್ದಿತೋ ನನಗೆ ತಿಳಿಯದು.

ಚೌಡಮ್ಮ ಸೊಸೆ ಸೆಲ್ವಿಯ ಜೊತೆ ಬಂದದ್ದು ದೀಪಾವಳಿಯ ಹಿಂದಿನ ವಾರ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಬೀದಿ ಆಚೆ ಅವರ ಮನೆ. ರೇಷ್ಮೆ ಸೀರೆ ನೇಯುವ ಕನ್ನಡದವರು. ನನ್ನ ಜೊತೆ ಕನ್ನಡ ಮಾತಾಡಬಹುದೆಂದೇ ಬರುತ್ತಿದ್ದರು. ಎಳೆ ಹರಿದಾಗ ಹುಡುಕಲು ಹಣೆಗೆ ಕಟ್ಟಿಕೊಳ್ಳುವ ಸಣ್ಣ ಲೈಟಿತ್ತು, ಅದಕ್ಕೆ ರಿಮೋಟ್ ಸೆಲ್ ಬೇಕು. ಬಿಪಿ ನೋಡುವ ಮೆಷಿನ್ನಿಗೆ ಪೆನ್ಸಿಲ್ ಸೆಲ್ ಬೇಕು. ಎರಡನ್ನೂ ತುಂಬುವ ಚಾರ್ಜರ್ ಅಂದು ಮುಗಿದಿತ್ತು. ವಾರ ಬಿಟ್ಟು ಬನ್ನಿ ಅನ್ನಬೇಕಿತ್ತು.

"ಇದರಲ್ಲೂ ಆಗುತ್ತೆ ಅಮ್ಮಾ," ಎಂದು ಪೆನ್ಸಿಲ್ ಸೆಲ್ಲಿನದನ್ನೇ ಕೊಟ್ಟೆ. "ಸಣ್ಣದು ಇಟ್ಟಾಗ ಸಂದಿ ಬರುತ್ತೆ. ಬೆಳ್ಳಿ ಕಾಗದ ಉಂಡೆ ಮಾಡಿ ತುಂಬಿಬಿಡಿ."

"ಅಷ್ಟೇನಾ?"

"ಅಷ್ಟೇ."

"ನೋಡೇ ಸೆಲ್ವಿ, ನಮ್ ಗೋವಿಂದಣ್ಣ ಇರೋ ತಂಕ ನಮ್ಗೇನ್ ಬಯ," ಎಂದು ಅವರು ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರು.

ದೀಪಾವಳಿ ಮುಗಿದ ಮೇಲೆ ಅವರಿಂದ ಫೋನ್ ಬಂತು. "ಅಣ್ಣಾ, ಒಂದ್ ಕಡೆ ಲೈಟೇ ಉರಿಯಾಕಿಲ್ಲ, ಸ್ವಲ್ಪ ಬಿಸಿ ಬೇರೆ ಆಯ್ತೈತೆ. ಬಂದ್ ನೋಡೀಯಾ?" ಊಟದ ಬಿಡುವಿನಲ್ಲಿ ಹೋದೆ.

ಅವರದು ಕುಣಿ ಮಗ್ಗ. ನೆಲದಲ್ಲಿ ಸೊಂಟದುದ್ದ ಕುಣಿ, ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ಕಾಲ್ಮಣೆ ತುಳಿಯಬೇಕು. ನೇಯ್ದ ಸೀರೆ ಸುತ್ತುವ ಮರದ ದಿಂಡು ತೊಡೆಗೆ ಒತ್ತಿಕೊಂಡಿರುತ್ತದೆ. ಚೌಡಮ್ಮನಿಗೆ ಮಂಡಿನೋವು, ಏಳುವಾಗಲೆಲ್ಲ ಸೆಲ್ವಿ ಕೈಕೊಡಬೇಕು. ಪಾದಕ್ಕೆ ಮೆತ್ತಗಿರಲೆಂದು ಕುಣಿಯ ತಳದಲ್ಲಿ ಹಳೆಯ ಹತ್ತಿ ಸೀರೆ ಹಾಸಿದ್ದರು. ಅದರ ಮೇಲೆ ರೇಷ್ಮೆಯ ತುಂಡು ನೂಲು, ನವಿರು. ಬಲಗಡೆ ಕಂಬದಲ್ಲಿ ಮನೆಯ ಒಂದೇ ಪ್ಲಗ್ ಪಾಯಿಂಟ್, ನೇರ ಕುಣಿಯ ಮೇಲಕ್ಕೆ. ಚಾರ್ಜರ್ ಅಲ್ಲಿ ಅಂಟಿಕೊಂಡಿತ್ತು.

"ಬಾ ಅಣ್ಣಾ, ಕುಂತ್ಕೋ. ಇದೊಂದ್ ಎಳೆ ಕಟ್ ಬುಡ್ತೀನಿ," ಎಂದು ಅವರು ಲಾಳಿ ಬದಿಗಿಟ್ಟರು.

ನಾನು ಚಾರ್ಜರ್ ಕಡೆ ನೋಡಿದೆ. ಸಣ್ಣ ಸೆಲ್ಲಿನ ಮೊಟ್ಟಿನ ಕಡೆ ಏನೋ ಚಿನ್ನದ ಬಣ್ಣದ ಉಂಡೆ.

"ಅದೇನಮ್ಮಾ?"

"ಬೆಳ್ಳಿ ತಾಳು, ಅದೇ ಕಾಗ್ದ, ಸಿಗ್ಲಿಲ್ಲ ಅಣ್ಣಾ. ಜರಿ ಆಕ್ದೆ. ಬೆಳ್ಳಿನೇ ಅಲ್ವಾ ಇದೂ? ಪ್ಲಾಸ್ಟಿಕ್ ಜರಿ ಅಲ್ಲ, ಅಸಲು."

ಪ್ಲಾಸ್ಟಿಕ್ ಜರಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಅದರಲ್ಲಿ ಕರೆಂಟು ಹರಿಯುವುದೇ ಇಲ್ಲವೆನ್ನಬೇಕು. ಅಸಲು ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಕೂದಲಿನಂಥ ತಾಮ್ರ, ಅದಕ್ಕೆ ಬೆಳ್ಳಿಯ ಲೇಪ, ಮೇಲೆ ಚಿನ್ನದ ಬಣ್ಣ. ಕೆಟ್ಟದ್ದನ್ನು ಯಾಕೆ ಹಾಕಲಿ ಎಂದು ಅವರು ಇದ್ದುದರಲ್ಲಿ ಒಳ್ಳೆಯದನ್ನೇ ಹಾಕಿದ್ದರು.

"ಅಮ್ಮಾ, ಎದ್ದೇಳಿ," ಎಂದೆ. ಅಷ್ಟರಲ್ಲಿ ಸಿಳ್ಳಿನಂಥ ಒಂದು ಸದ್ದು. ಉಂಡೆ ಕೆಂಡದ ಬಣ್ಣಕ್ಕೆ ತಿರುಗಿತು. ಪ್ಲಾಸ್ಟಿಕ್ ಕರಗಿ ಉರಿಯುತ್ತಲೇ ತೊಟ್ಟಿಕ್ಕಿತು, ಅದರ ಜೊತೆ ಕೆಂಪು ಜರಿಯೂ ಕುಣಿಯೊಳಗೆ ಬಿತ್ತು. ಹಳೆಯ ಸೀರೆ ಭಗ್ಗನೆ ಹತ್ತಿಕೊಂಡಿತು.

ನಾನು ಸ್ವಿಚ್ಚಿನ ಕಡೆ ಓಡಿದೆ. ಸೆಲ್ವಿ ಅತ್ತೆಯ ಕಡೆ ಓಡಿದಳು. ಕಂಕುಳಿಗೆ ಕೈಹಾಕಿ ಹಿಂದಕ್ಕೆ ಎಳೆದಳು. ಎಡಗಾಲು ಬಂತು, ಬಲಗಾಲು ಬರಲಿಲ್ಲ. ಕಾಲ್ಮಣೆಯ ಹಗ್ಗ ಹೆಬ್ಬೆರಳಿಗೆ ಸಿಕ್ಕಿಕೊಂಡಿತ್ತು. "ಅಯ್ಯೋ ಕಾಲು, ಕಾಲು," ಎಂದು ಚೌಡಮ್ಮ ಕೂಗಿದರು. ಸೆಲ್ವಿ ನೂಲು ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಬೋರಲಾಗಿ ಬಿದ್ದು ಹೊಗೆಯೊಳಗೆ ಕೈ ಇಳಿಸಿ ಹಗ್ಗ ಕತ್ತರಿಸಿದಳು. ನಾನು ಮೂಲೆಯಲ್ಲಿದ್ದ ಕೊಡದ ನೀರನ್ನು ಕುಣಿಗೆ ಸುರಿದೆ.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ನಡೆಸಿದ್ದೇನೋ ಲೆಕ್ಕವಿಲ್ಲ. ಮೊದಲು ಸ್ವಿಚ್ ಆರಿಸಬೇಕು ಎಂಬುದು ಪುಸ್ತಕದ ಪ್ರಕಾರ ಸರಿ. ಆದರೂ ನನ್ನ ಕಾಲು ಆ ಕ್ಷಣ ಯಂತ್ರದ ಕಡೆ ಹೋಯಿತು, ಮನುಷ್ಯರ ಕಡೆ ಹೋಗಲಿಲ್ಲ. ಕುಕ್ಕರ್ ಸಿಳ್ಳು ಹಾಕುವ ಮೊದಲು ಸುಯ್ಯೆನ್ನುತ್ತದಲ್ಲ, ಆ ಸದ್ದಿಗೆ ಇವತ್ತೂ ನಾನು ಕುಳಿತಲ್ಲಿಂದ ಎದ್ದು ನಿಲ್ಲುತ್ತೇನೆ. ಮೂಗಿಗೆ ಕೂದಲು ಸುಟ್ಟ ವಾಸನೆ ಬರುತ್ತದೆ. ಸುಟ್ಟ ರೇಷ್ಮೆಯ ವಾಸನೆ ಹಾಗೇ ಇರುತ್ತದೆ.

ಬಲ ಅಂಗಾಲು ಮತ್ತು ಬೆರಳುಗಳು ಸುಟ್ಟಿದ್ದವು. ಆಸ್ಪತ್ರೆಗೆ ಮಗ ಕುಮಾರ ಓಡಿಬಂದ. ಪವರ್‌ಲೂಮ್ ಶೆಡ್ಡಿನಲ್ಲಿ ಫಿಟ್ಟರ್ ಅವನು. ಏನಾಯಿತೆಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಚೌಡಮ್ಮ, "ನಂದೇ ತಪ್ಪು ಕಣ್ಲಾ. ಅಣ್ಣ ತಾಳು ಇಡು ಅಂದ, ನಾನು ಜರಿ ಇಟ್ಟೆ," ಎಂದರು.

"ಏಳುದ್ದು ಒಂದು, ಮಾಡೋದು ಒಂದು! ಸಾರ್ ಇಲ್ದೆ ಓಗಿದ್ರೆ ಮಗ್ಗದಾಗೇ ಬೆಂದ್ ಓಗ್ತಿದ್ದೆ ನೀನು," ಎಂದು ಅವನು ತಾಯಿಯನ್ನು ಗದರಿದ. ಆಮೇಲೆ ನನಗೆ ಕೈಮುಗಿದ.

ಆ ನಮಸ್ಕಾರವನ್ನು ನಾನು ಇಸಿದುಕೊಂಡೆ. ಯಾವ ಕಡೆ ಇಡಬೇಕೆಂದು ನಾನು ಹೇಳಿರಲಿಲ್ಲ, ಬೆಳ್ಳಿ ಕಾಗದವನ್ನೇ ಆ ಕಡೆ ಉಂಡೆ ಮಾಡಿ ಇಟ್ಟಿದ್ದರೂ ಇದೇ ಆಗುತ್ತಿತ್ತು ಎನ್ನಬೇಕಿತ್ತು. ಅನ್ನಲಿಲ್ಲ. ವಾರಕ್ಕೊಮ್ಮೆ ಹಣ್ಣು ತೆಗೆದುಕೊಂಡು ನೋಡಲು ಹೋಗುತ್ತಿದ್ದೆ. ಗಾಯ ಮಾಗುತ್ತಾ ಬಂತು. ಎರಡು ಬೆರಳು ಮಡಿಸಲು ಬರುವುದಿಲ್ಲ, ಉಳಿದಂತೆ ಕಾಲು ಊರಬಹುದು, ಸ್ವಲ್ಪ ದಿನ ಕಳೆದರೆ ತುಳಿಯಲೂಬಹುದು ಎಂದರು ಡಾಕ್ಟರ್. ಕುಮಾರ ಮಾತ್ರ, "ಸಾಕು ಬುಡಿ. ಅವ್ಳ್ ಕೈಗೆ ಇನ್ನೇನೂ ಕೊಡಾಕಾಗಲ್ಲ, ಬುದ್ದಿ ಸರಿಗಿಲ್ಲ," ಎನ್ನುತ್ತಿದ್ದ. ಚೌಡಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಇದರ ನಡುವೆ ನಾನು ನಿವೃತ್ತನಾದೆ. ಅಂಗಡಿಯಲ್ಲಿ ಶಾಲು ಹೊದಿಸಿದರು. ಮುರುಗೇಶನ್ ಅವರ ಮಗ, ಈಗಿನ ಯಜಮಾನರು, ಮೂವತ್ತೊಂದು ವರ್ಷದಲ್ಲಿ ಗೋವಿಂದನ್ ಸಾರ್ ಮೇಲೆ ಒಂದು ಕಂಪ್ಲೇಂಟ್ ಬಂದಿಲ್ಲ ಎಂದು ಎಲ್ಲರ ಮುಂದೆ ಹೇಳಿದರು. ಚಪ್ಪಾಳೆ ಬಿತ್ತು. ನಾನು ನೆಲ ನೋಡುತ್ತಾ ನಿಂತಿದ್ದೆ. ವಿನಯ ಎಂದುಕೊಂಡರು.

ಮರುದಿನ ಬೆಳಿಗ್ಗೆ ಸೆಲ್ವಿಯ ಫೋನ್. "ಅಣ್ಣಾ, ನಮ್ಮವರು ಕುಣಿ ಮುಚ್ಚುಸ್ತಾ ಇದಾರೆ. ಮಣ್ಣು ವಂದಾಚ್ಚು. ಮೇಲೆ ಸಿಮೆಂಟ್ ಹಾಕ್ತಾರಂತೆ. ಅತ್ತೆ ನೇತ್ತಿಂದ ಸಾಪಿಡವೇ ಇಲ್ಲ." ಅವಸರದಲ್ಲಿ ಅವಳ ಕನ್ನಡಕ್ಕೆ ತಮಿಳು ಬೆರೆತಿತ್ತು: ಮಣ್ಣು ಬಂದಾಗಿದೆ, ಅತ್ತೆ ನಿನ್ನೆಯಿಂದ ಊಟವನ್ನೇ ಮಾಡಿಲ್ಲ.

ನಾನು ಹೋದಾಗ ಬಾಗಿಲಲ್ಲಿ ಕೆಂಪು ಮಣ್ಣಿನ ರಾಶಿ. ಮಗ್ಗದ ಮರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಕುಮಾರ ಮಂಕರಿಯಲ್ಲಿ ಮಣ್ಣು ಹೊತ್ತು ತಂದು ಸುರಿಯುತ್ತಿದ್ದ, ಕುಣಿ ಅರ್ಧ ತುಂಬಿತ್ತು. ಚೌಡಮ್ಮ ಮಂಚದ ಮೇಲೆ ಕಾಲು ನೀಡಿಕೊಂಡು ನೋಡುತ್ತಿದ್ದರು. ಅವರು ಅಳುತ್ತಿರಲಿಲ್ಲ.

"ಕುಮಾರ, ನಿಲ್ಲಿಸು. ತಪ್ಪು ನಿಮ್ಮಮ್ಮನದಲ್ಲ," ಎಂದೆ.

"ಏನ್ ಸಾರ್?"

ಹೇಳಿದೆ. ಜೇಬಿನಿಂದ ಒಂದು ಸೆಲ್ ತೆಗೆದು ಮೊಟ್ಟು, ಮೈ, ನಡುವಿನ ತೆಳ್ಳನೆಯ ಬಳೆ ತೋರಿಸಿದೆ. ಯಾವ ಕಡೆ ಎಂದು ಹೇಳಬೇಕಾದವನು ನಾನು, ಹೇಳಲಿಲ್ಲ. ಸಣ್ಣ ಸೆಲ್ಲಿಗೆ ಆ ಚಾರ್ಜರನ್ನು ಕೊಡಲೇಬಾರದಿತ್ತು, ಕೊಟ್ಟೆ. ಆಸ್ಪತ್ರೆಯಲ್ಲಿ ನಿನ್ನ ತಾಯಿ ತಪ್ಪು ತನ್ನ ಮೇಲೆ ಹಾಕಿಕೊಂಡಾಗ ಸುಮ್ಮನೆ ನಿಂತಿದ್ದೆ. ಅವರ ಬುದ್ಧಿ ಸರಿಯಾಗೇ ಇದೆ, ನನ್ನ ಮಾತನ್ನು ನಂಬಿದರು ಅಷ್ಟೇ.

ಕುಮಾರ ಸೆಲ್ಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಫಿಟ್ಟರ್ ಅಲ್ಲವೇ, ಬೇಗ ಅರ್ಥವಾಯಿತು.

"ನಾನ್ ನಿಮ್ಗೆ ಕೈ ಮುಗ್ದೆ ಸಾರ್," ಎಂದ. ದನಿ ಏರಿಸಲಿಲ್ಲ. "ಅವತ್ತು. ಅಷ್ಟ್ ಜನದ್ ಮುಂದೆ."

"ಹೌದು."

"ಎರಡ್ ತಿಂಗ್ಳು ಇವಳ್ನ ಬೈದೆ. ನೀವ್ ಅಲ್ಲೇ ಕುಂತ್ಕೊಂಡು ಕಾಪಿ ಕುಡುದ್ರಿ."

ಸೆಲ್ವಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಹೊಗೆಯೊಳಗೆ ಇಳಿಸಿದ ಅವಳ ಕೈಯ ಮೇಲೆ ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು.

ಚೌಡಮ್ಮನೇ ಮಾತಾಡಿದ್ದು. "ಲೇ ಕುಮಾರ, ಅಣ್ಣನ್ ಮ್ಯಾಕೆ ಆಮೇಲೆ ಬೀಳೀಯಂತೆ. ಮೊದ್ಲು ನನ್ ಮಗ್ಗದಾಗ್ ಸುರ್ದಿರೋ ಮಣ್ಣು ತೆಗಿ."

ಅವನು ಸೆಲ್ಲನ್ನು ಮಂಚದ ಮೇಲಿಟ್ಟ. ಆಮೇಲೆ ಲುಂಗಿ ಎತ್ತಿ ಕಟ್ಟಿ ಕುಣಿಗೆ ಇಳಿದ. ಸಲಿಕೆ ಹಿಡಿಸುವಷ್ಟು ಜಾಗವಿರಲಿಲ್ಲ, ಕೈಯಲ್ಲೇ ಬಾಚಿ ಮಂಕರಿಗೆ ತುಂಬತೊಡಗಿದ. ತುಂಬಿದ ಮಂಕರಿಯನ್ನು ಮೇಲಕ್ಕೆ ಚಾಚಿ ನನ್ನ ಮುಖ ನೋಡದೆ, "ಇಡೀರಿ," ಎಂದ. ಹಿಡಿದೆ. ಹೊರಗೆ ಸುರಿದು ಬಂದೆ. ಮತ್ತೆ ಚಾಚಿದ.

ಮಣ್ಣು ಬಹುಪಾಲು ಹೊರಬಿದ್ದ ಮೇಲೆ ಕುಮಾರ ಬೆವರೊರೆಸಿಕೊಂಡು ಮೇಲೆ ಬಂದ. ಚೌಡಮ್ಮ ಸೆಲ್ವಿಯ ಹೆಗಲು ಹಿಡಿದು ಮಂಚದಿಂದ ಇಳಿದು, ಕುಂಟುತ್ತಾ ಬಂದು ಅಂಚಿನಲ್ಲಿ ಕೂತರು. ಮೊದಲು ಎಡಗಾಲು ಇಳಿಬಿಟ್ಟರು. ಆಮೇಲೆ ಬಲಗಾಲನ್ನು ಎರಡು ಕೈಯಲ್ಲೂ ಎತ್ತಿ ನಿಧಾನವಾಗಿ ಒಳಗೆ ಬಿಟ್ಟರು. ಮಡಿಸಲಾಗದ ಬೆರಳುಗಳು ಮಣ್ಣು ತಾಕಿದವು. ಮುಖ ಒಮ್ಮೆ ಕಿವುಚಿತು. ಕಾಲನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು, ಇಲ್ಲದ ಕಾಲ್ಮಣೆಯನ್ನು ತುಳಿಯುವಂತೆ ಒತ್ತಿದರು.

"ಸಾಲ್ದು," ಎಂದರು. "ಇನ್ನೂ ಒಂದ್ ಗೇಣು ತೆಗೀರ್ಲಾ ಇಬ್ರೂ. ಮಂಡಿ ಗದ್ದಕ್ಕೆ ತಗುಲ್ಸ್‌ಕೊಂಡು ನೇಯಾಕಾದೀತಾ?"

ಕುಮಾರ ಮತ್ತೆ ಕುಣಿಗಿಳಿದ. ನಾನು ಅಂಗಿ ಬಿಚ್ಚಿ ಮಂಚದ ಮೇಲಿಟ್ಟು ಮಂಕರಿ ಹಿಡಿದೆ.